ಜಕಾತಿ ಕಟ್ಟೆ ಹೋಯಿತು, ಝಕಾತ್ ಲೆಕ್ಕ ಉಳಿಯಿತು

ಉತ್ತರ ಕರ್ನಾಟಕದ ಹಿರಿಯರಿಗೆ ‘ಜಕಾತಿ’ ಎಂಬ ಮಾತು ಗೊತ್ತು. ಊರ ಬಾಗಿಲಲ್ಲಿ ಗಾಡಿ ನಿಲ್ಲಿಸಿ, ಒಳಗೆ ಹೋಗುವ ಸರಕಿನ ಮೇಲೆ ವಸೂಲಿ ಮಾಡುತ್ತಿದ್ದ ಸುಂಕ ಅದು. ಹಳೇ ಮೈಸೂರು ಕಡೆ ಅದನ್ನು ಸುಂಕ ಎಂದೇ ಕರೆದರು. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆ ಇವತ್ತಿಗೂ ಆ ಹೆಸರು ಹೊತ್ತು ನಿಂತಿದೆ. ಕರ್ನಾಟಕದಲ್ಲಿ ಈ ಸುಂಕ, ಅಂದರೆ ಆಕ್ಟ್ರಾಯ್, 1979ರಲ್ಲಿ ರದ್ದಾಯಿತು. ಕಟ್ಟೆಗಳು ಹೋದವು, ಮಾತು ಮಾತ್ರ ಉಳಿಯಿತು.

ಈ ಜಕಾತಿ ಎಂಬ ಮಾತಿನ ಮೂಲ ಅರಬ್ಬಿಯ ‘ಝಕಾತ್’. ಮುಸ್ಲಿಮರು ವರ್ಷಕ್ಕೊಮ್ಮೆ ತಮ್ಮ ಉಳಿತಾಯದಿಂದ ಬಡವರಿಗೆ ಕೊಡಲೇಬೇಕಾದ ಪಾಲು ಅದು. ನಮಾಜು, ಉಪವಾಸಗಳಷ್ಟೇ ಕಡ್ಡಾಯ. ಬಡವರ ಪಾಲಿನ ಹೆಸರು ನಮ್ಮ ಭಾಷೆಗೆ ಬರುವಷ್ಟರಲ್ಲಿ ಸರ್ಕಾರದ ಸುಂಕದ ಹೆಸರಾದದ್ದು ಹೇಗೆ? ಆ ಲೆಕ್ಕ ಮತ್ತೆ ಸುಂಕದ ಕಟ್ಟೆಯಿಂದ ಅಂಗಡಿಯ ಗಲ್ಲಾಪೆಟ್ಟಿಗೆಗೆ ವಾಪಸಾದದ್ದು ಹೇಗೆ? ಈ ಬರಹದಲ್ಲಿ ನಾವು ಹೇಳಹೊರಟಿರುವುದು ಆ ಕತೆ.

ಇದಕ್ಕೆ ದಕ್ಷಿಣ ಬೆಂಗಳೂರನ್ನು ಆರಿಸಿಕೊಂಡಿದ್ದೇವೆ. ಜಯನಗರ ಬಡಾವಣೆ ಶುರುವಾದದ್ದು 1948ರಲ್ಲಿ. ಬಿಟಿಎಂ ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರ. ಈ ಬಡಾವಣೆಗಳ ಮಗ್ಗುಲಲ್ಲೇ ತಿಲಕ್‌ನಗರ, ಗುರಪ್ಪನಪಾಳ್ಯ, ಬನಶಂಕರಿ ಕಡೆಯ ಯಾರಬ್‌ನಗರ, ಇಲಿಯಾಸ್‌ನಗರ ಇವೆ. ಹೊಲಿಗೆ, ಬೇಕರಿ, ಗುಜರಿ, ಗ್ಯಾರೇಜು, ಮೊಬೈಲ್ ರಿಪೇರಿ, ಹಣ್ಣಿನ ಗಾಡಿ ಹೀಗೆ ಸಣ್ಣ ಸಣ್ಣ ವ್ಯಾಪಾರಗಳ ಓಣಿಗಳು. ನಮ್ಮ ಜಿಲ್ಲೆಗಳಿಂದ ಹೋದವರೂ ಅಲ್ಲಿದ್ದಾರೆ. ರಂಜಾನ್ ಬಂತೆಂದರೆ ಅಲ್ಲಿ ಎದ್ದೇಳುವ ಪ್ರಶ್ನೆ ಒಂದೇ: ಅಂಗಡಿಯಲ್ಲಿ ಇರುವುದರಲ್ಲಿ ಯಾವುದು ಆಸ್ತಿ, ಯಾವುದು ಅಲ್ಲ?

ಚರ್ಮದ ವ್ಯಾಪಾರಿಯ ಉತ್ತರ

ಈ ಪ್ರಶ್ನೆ ಹೊಸದಲ್ಲ. ಪ್ರವಾದಿ ಮಹಮ್ಮದರು ಮದೀನಾಕ್ಕೆ ಬಂದ ಎರಡನೇ ವರ್ಷ, ಅಂದರೆ ಸುಮಾರು ಕ್ರಿ.ಶ. 624ರಲ್ಲಿ, ಝಕಾತ್ ಕಡ್ಡಾಯವಾಯಿತು. ಒಂಟೆ, ದನ, ಆಡು, ಧಾನ್ಯ, ಬೆಳ್ಳಿ, ಬಂಗಾರ ಇವುಗಳ ಲೆಕ್ಕ ಸುಲಭವಿತ್ತು. 40 ಆಡಿಗೆ ಒಂದು ಆಡು. ಮಳೆಯಲ್ಲಿ ಬೆಳೆದ ಬೆಳೆಗೆ ಹತ್ತರಲ್ಲಿ ಒಂದು ಪಾಲು, ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ರೈತನ ಶ್ರಮ ಹೆಚ್ಚಿದಷ್ಟೂ ಪಾಲು ಕಡಿಮೆ. ಹಣಕ್ಕೆ 40ರಲ್ಲಿ ಒಂದು, ಅಂದರೆ ಶೇಕಡಾ 2.5.

ಆದರೆ ಅಂಗಡಿಯವನದು ಯಾವ ಲೆಕ್ಕ? ಅವನ ಹತ್ತಿರ ಬಂಗಾರವಿಲ್ಲ, ಹಿಂಡಿಲ್ಲ, ಸರಕಿದೆ ಅಷ್ಟೇ. ಎರಡನೇ ಖಲೀಫ ಉಮರ್ ಆಳಿದ್ದು 634ರಿಂದ 644ರವರೆಗೆ. ಆಗಿನ ಒಂದು ಪ್ರಸಂಗ ಹಳೆಯ ಗ್ರಂಥಗಳಲ್ಲಿ ಬರುತ್ತದೆ. ಹಿಮಾಸ್ ಎಂಬ ಒಬ್ಬ ಸಣ್ಣ ವ್ಯಾಪಾರಿ ಹದ ಮಾಡಿದ ಚರ್ಮ ಮತ್ತು ಬಾಣದ ಬತ್ತಳಿಕೆ ಮಾರುತ್ತಿದ್ದ. ನಿನ್ನ ಆಸ್ತಿಯ ಝಕಾತ್ ಕೊಡು ಎಂದು ಉಮರ್ ಹೇಳಿದರು. ನನ್ನ ಹತ್ತಿರ ಚರ್ಮ, ಬತ್ತಳಿಕೆ ಬಿಟ್ಟರೆ ಏನೂ ಇಲ್ಲ ಎಂದು ಅವನು ಉತ್ತರ ಕೊಟ್ಟ. ಹಾಗಾದರೆ ಅವುಗಳಿಗೇ ಬೆಲೆ ಕಟ್ಟು, ಆ ಬೆಲೆಯ ಮೇಲೆ ಕೊಡು ಎಂದರು ಉಮರ್.

ಅಂಗಡಿಯ ಝಕಾತಿನ ಬೇರು ಈ ಮಾತಿನಲ್ಲಿದೆ. ಮಾರುವುದಕ್ಕೆ ಇಟ್ಟ ಸರಕು ಕೈಯಲ್ಲಿರುವ ಹಣಕ್ಕೆ ಸಮ. ಇದನ್ನು ಎಲ್ಲರೂ ಒಪ್ಪಲಿಲ್ಲ. 1064ರಲ್ಲಿ ತೀರಿಹೋದ ಸ್ಪೇನಿನ ವಿದ್ವಾಂಸ ಇಬ್ನ್ ಹಝ್ಮ್, ವ್ಯಾಪಾರದ ಸರಕಿಗೆ ಝಕಾತೇ ಇಲ್ಲ ಎಂದು ವಾದಿಸಿದರು. ಆದರೆ ನಾಲ್ಕೂ ಸುನ್ನಿ ಪಂಥಗಳು ಉಮರ್ ದಾರಿಯನ್ನೇ ಹಿಡಿದವು.

ಕಟ್ಟೆಯ ಕಾಲ

ಉಮರ್ ಕಾಲದಲ್ಲೇ ದಾರಿಗಳಲ್ಲಿ ವಸೂಲಿಗಾರರು ಕೂತರು. ಮುಸ್ಲಿಂ ವ್ಯಾಪಾರಿಯ ಸರಕಿನ ಮೇಲೆ ಶೇಕಡಾ 2.5 ಝಕಾತ್ ಎಂದು ತೆಗೆದುಕೊಂಡರು. ರಾಜ್ಯದೊಳಗಿನ ಬೇರೆ ಧರ್ಮದವರಿಂದ ಶೇಕಡಾ 5, ಹೊರರಾಜ್ಯದವರಿಂದ ಶೇಕಡಾ 10. ಬಡವರ ಪಾಲು ಮತ್ತು ರಾಜ್ಯದ ಸುಂಕ ಬೆರೆತುಹೋದದ್ದು ಇಲ್ಲಿಂದ.

ಮುಂದಿನ ಖಲೀಫ ಉಸ್ಮಾನ್ ಕಾಲದಲ್ಲಿ ಇನ್ನೊಂದು ಬದಲಾವಣೆ ಆಯಿತೆಂದು ಶಾಸ್ತ್ರಕಾರರು ಹೇಳುತ್ತಾರೆ. ಕಣ್ಣಿಗೆ ಕಾಣುವ ಹಿಂಡು, ಬೆಳೆಯ ಲೆಕ್ಕ ಸರ್ಕಾರದ್ದು. ಪೆಟ್ಟಿಗೆಯಲ್ಲಿ, ಅಂಗಡಿಯಲ್ಲಿ ಇರುವ ಹಣದ ಲೆಕ್ಕ ಅವರವರದ್ದೇ. ಜನರ ಪೆಟ್ಟಿಗೆ ತೆರೆಸಿ ನೋಡುವ ಅಧಿಕಾರ ದಬ್ಬಾಳಿಕೆ ಆಗುತ್ತದೆ ಎಂಬುದು ಕಾರಣ.

717ರಿಂದ 720ರವರೆಗೆ ಆಳಿದ ಉಮರ್ ಬಿನ್ ಅಬ್ದುಲ್ ಅಝೀಝರ ಕಾಲದಲ್ಲಿ ಮೈಮೂನ್ ಬಿನ್ ಮಿಹ್ರಾನ್ ಎಂಬ ಅಧಿಕಾರಿ ಇದ್ದರು. ಅವರು ಹೇಳಿದ ಲೆಕ್ಕದ ವಿಧಾನವನ್ನು ಅಬೂ ಉಬೈದ್ ಎಂಬ ವಿದ್ವಾಂಸರು ತಮ್ಮ ‘ಕಿತಾಬುಲ್ ಅಮ್ವಾಲ್’ ಗ್ರಂಥದಲ್ಲಿ ಬರೆದಿಟ್ಟರು. ಅದರ ಸಾರ ಇಷ್ಟು. ದಿನ ಬಂದಾಗ ಕೈಯಲ್ಲಿರುವ ಹಣ ಎಣಿಸು. ಮಾರುವ ಸರಕಿಗೆ ಬೆಲೆ ಕಟ್ಟು. ಕೊಡುವ ಶಕ್ತಿ ಇರುವವರಿಂದ ಬರಬೇಕಾದ ಸಾಲ ಸೇರಿಸು. ನೀನು ಕೊಡಬೇಕಾದ ಸಾಲ ಕಳೆ. ಉಳಿದದ್ದಕ್ಕೆ ಝಕಾತ್ ಕೊಡು. 1,300 ವರ್ಷ ಕಳೆದರೂ ತಿಲಕ್‌ನಗರದ ಅಂಗಡಿಯ ಲೆಕ್ಕ ಇವತ್ತಿಗೂ ಇದೇ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಸುಂಕದವನಿಗೆ ಸರಕು ಕಾಣುತ್ತದೆ, ಸಾಲ ಕಾಣುವುದಿಲ್ಲ. ಮೈಮೂನರ ಲೆಕ್ಕದಲ್ಲಿ ಮಾತ್ರ ದುಃಖಕ್ಕೂ ಒಂದು ಕಾಲಂ ಇದೆ. ಸಾಲ ಕಳೆದ ಮೇಲೆಯೇ ಉಳಿಕೆ.

ಭಾರತದಲ್ಲಿ ಸುಂಕ ಮತ್ತು ಝಕಾತ್ ಬೆರೆತ ಕತೆ ಮೊಘಲರ ಕಾಲಕ್ಕೂ ಬಂತು. 1665ರಲ್ಲಿ ಔರಂಗಜೇಬ ಸರಕಿನ ಸುಂಕವನ್ನು ಮುಸ್ಲಿಮರಿಗೆ ಶೇಕಡಾ 2.5, ಹಿಂದೂಗಳಿಗೆ ಶೇಕಡಾ 5 ಎಂದು ಗೊತ್ತುಮಾಡಿದ. 1667ರಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಪೂರ್ತಿ ಮನ್ನಾ ಮಾಡಿದ. ಒಂದೇ ಸಂತೆ, ಒಂದೇ ಸರಕು, ಧರ್ಮ ನೋಡಿ ಎರಡು ದರ. ಬಡವರ ಪಾಲಿನ ಅಂಕಿಯನ್ನು ಖಜಾನೆಗೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ದಖ್ಖನ್‌ನಲ್ಲಿ, ಮರಾಠಿಯ ಜೊತೆ ಬೆರೆತ ನಮ್ಮ ಉತ್ತರದ ಜಿಲ್ಲೆಗಳಲ್ಲಿ, ‘ಜಕಾತಿ’ ಎಂದರೆ ಬರೀ ಸುಂಕ ಎಂಬ ಅರ್ಥವೇ ನಿಂತಿತು.

ರೊಟ್ಟಿಯ ಮೇಲಿನ ಎಳ್ಳು

ಅದೇ ಔರಂಗಜೇಬನ ಆಳ್ವಿಕೆಯಲ್ಲಿ ಹಲವು ವಿದ್ವಾಂಸರು ಸೇರಿ ‘ಫತಾವಾ ಆಲಂಗೀರಿ’ ಎಂಬ ದೊಡ್ಡ ನ್ಯಾಯಗ್ರಂಥ ತಯಾರು ಮಾಡಿದರು. ಭಾರತದ ಹನಫಿ ಮುಫ್ತಿಗಳು ಇಂದಿಗೂ ಅದನ್ನು ತೆಗೆದು ನೋಡುತ್ತಾರೆ. ಅದರಲ್ಲಿ ಸಣ್ಣ ಕಸುಬುಗಳ ಬಗ್ಗೆ ಇರುವ ಮಾತುಗಳು ನಮಗೆ ಬಹಳ ಹಿಡಿಸಿದವು.

ರೊಟ್ಟಿ ಸುಡುವವನು ಸೌದೆ, ಉಪ್ಪು ಕೊಂಡಿಟ್ಟರೆ ಅದಕ್ಕೆ ಝಕಾತ್ ಇಲ್ಲ. ರೊಟ್ಟಿಯ ಮೇಲೆ ಉದುರಿಸಲು ಎಳ್ಳು ಕೊಂಡಿಟ್ಟರೆ ಇದೆ. ಬಟ್ಟೆ ಒಗೆಯುವವನ ಸಾಬೂನಿಗೆ ಇಲ್ಲ, ಬಣ್ಣ ಹಾಕುವವನ ಬಣ್ಣಕ್ಕೆ ಇದೆ. ಯಾಕೆ? ಸೌದೆ ಉರಿದು ಹೋಗುತ್ತದೆ, ಸಾಬೂನು ತೊಳೆದು ಹೋಗುತ್ತದೆ. ಎಳ್ಳು, ಬಣ್ಣ ಗಿರಾಕಿಯ ಕೈಗೆ ಹೋಗುವ ವಸ್ತುವಿನಲ್ಲಿ ಉಳಿಯುತ್ತವೆ, ಅವನು ಅದಕ್ಕೂ ಸೇರಿಸಿ ದುಡ್ಡು ಕೊಡುತ್ತಾನೆ.

ಗುರಪ್ಪನಪಾಳ್ಯದ ಒಂದು ಬೇಕರಿಗೆ ಈ ಅಳತೆ ಹಿಡಿದರೆ ಹೀಗಾಗುತ್ತದೆ. ಮೈದಾ, ಸಕ್ಕರೆ, ಎಣ್ಣೆ, ಕಪಾಟಿನಲ್ಲಿರುವ ಬನ್ನು, ರಸ್ಕು ಲೆಕ್ಕಕ್ಕೆ ಬರುತ್ತವೆ. ಓವನ್, ಫ್ರಿಜ್, ತಕ್ಕಡಿ, ಗಾಜಿನ ಕಪಾಟು ಬರುವುದಿಲ್ಲ. ಗ್ಯಾಸ್ ಸಿಲಿಂಡರ್ ಸೌದೆಯ ಸಾಲಿಗೆ ಸೇರುತ್ತದೆ. ಟೈಲರ್ ಅಂಗಡಿಯಲ್ಲಿ ಹೊಲಿಗೆ ಯಂತ್ರ ಹೊರಗೆ, ಮಾರಲು ಇಟ್ಟ ಬಟ್ಟೆ ಥಾನು ಒಳಗೆ. ಗಿರಾಕಿ ಹೊಲಿಯಲು ಕೊಟ್ಟ ಬಟ್ಟೆ ಟೈಲರದ್ದಲ್ಲ, ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಸರಕು ಸಾಗಿಸುವ ಆಟೋ ಹೊರಗೆ. ಆದರೆ ಆಟೋ ಕೊಂಡು ಮಾರುವುದೇ ಕಸುಬಾದರೆ ಅದೇ ಆಟೋ ಒಳಗೆ. ದುಡಿಯುವ ಸಾಮಾನು ಬೇರೆ, ಮಾರುವ ಸಾಮಾನು ಬೇರೆ. ಇಷ್ಟು ಹಿಡಿದರೆ ಅರ್ಧ ಲೆಕ್ಕ ಮುಗಿಯಿತು.

ಒಂದು ಅಂಗಡಿ, ಮೂರು ಉತ್ತರ

ಈಗ ಒಂದು ಲೆಕ್ಕ ಹಾಕಿ ನೋಡೋಣ. ತಿಲಕ್‌ನಗರದಲ್ಲಿ ಬಟ್ಟೆ ಮಾರುವ, ಹೊಲಿದೂ ಕೊಡುವ ಒಂದು ಅಂಗಡಿ ಇದೆ ಎಂದುಕೊಳ್ಳಿ. ಅಂಕಿಗಳು ನಾವು ಉದಾಹರಣೆಗೆ ಇಟ್ಟುಕೊಂಡವು.

ಥಾನು ಬಟ್ಟೆಯ ಇವತ್ತಿನ ಬೆಲೆ 1,40,000 ರೂಪಾಯಿ. ಹೊಲಿದು ಮಾರಲು ಇಟ್ಟ ಉಡುಪು 35,000. ಗಲ್ಲಾ ಮತ್ತು ಬ್ಯಾಂಕಿನಲ್ಲಿ 28,000. ಖಂಡಿತ ಬರುವ ಉದ್ರಿ ಬಾಕಿ 22,000. ಒಟ್ಟು 2,25,000.

ಕೊಡಬೇಕಾದದ್ದು: ಸಗಟು ವ್ಯಾಪಾರಿಗೆ 60,000. ಇಬ್ಬರು ಕೆಲಸಗಾರರ ಕೂಲಿ ಬಾಕಿ 15,000. ಬಾಡಿಗೆ ಬಾಕಿ 10,000. ಒಟ್ಟು 85,000. ಕಳೆದರೆ ಉಳಿಯುವುದು 1,40,000. ಅದರ 40ರಲ್ಲಿ ಒಂದು ಪಾಲು 3,500 ರೂಪಾಯಿ. ಹೊಲಿಗೆ ಯಂತ್ರಗಳು ಎಷ್ಟೇ ಬೆಲೆ ಬಾಳಲಿ, ಲೆಕ್ಕಕ್ಕಿಲ್ಲ.

ಇದು ಹನಫಿ ಲೆಕ್ಕ. ಬೆಂಗಳೂರಿನ ಉರ್ದು ಮಾತಾಡುವ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು, ಕೇರಳದ ಮಾಪ್ಪಿಳ್ಳೆಗಳು ಶಾಫಿ ಪಂಥದವರು. ಬಿಟಿಎಂ ಕಡೆ ಒಂದೇ ರಸ್ತೆಯಲ್ಲಿ ಇಬ್ಬರ ಅಂಗಡಿಗಳೂ ಇರುತ್ತವೆ. ಶಾಫಿಗಳ ಪ್ರಬಲ ಅಭಿಪ್ರಾಯದಲ್ಲಿ ಸಾಲ ಕಳೆಯುವ ಹಾಗಿಲ್ಲ. ಕೈಯಲ್ಲಿ ಇರುವುದು ಇದೆ, ಸಾಲ ಬೇರೆ ಮಾತು. ಆಗ 2,25,000ಕ್ಕೇ ಝಕಾತ್, ಅಂದರೆ 5,625 ರೂಪಾಯಿ.

ಮೂರನೇ ಉತ್ತರ ಬೆಂಗಳೂರಿನದೇ ಒಂದು ಪದ್ಧತಿಯಿಂದ ಬರುತ್ತದೆ: ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಮಾಲೀಕನ ಕೈಗೆ ಕೊಟ್ಟರೇನೇ ಇಲ್ಲಿ ಅಂಗಡಿಯ ಬೀಗದ ಕೈ ಸಿಗುತ್ತಿದ್ದದ್ದು. ನಮ್ಮ ಉದಾಹರಣೆಯ ಟೈಲರ್ 1,50,000 ಕೊಟ್ಟಿದ್ದಾನೆ ಎಂದುಕೊಳ್ಳಿ. ಆ ಹಣ ಯಾರದ್ದು? ಅದು ಮಾಲೀಕನಿಗೆ ಕೊಟ್ಟ ಸಾಲದ ಹಾಗೆ, ಮರಳಿ ಬರುವ ಹಣ, ಆದ್ದರಿಂದ ಲೆಕ್ಕಕ್ಕೆ ಸೇರಿಸಬೇಕು ಎಂದು ಕೆಲವು ಉಲೇಮಾಗಳು ಹೇಳುತ್ತಾರೆ. ಅದು ಅಡವಿಟ್ಟ ವಸ್ತುವಿನ ಹಾಗೆ, ಅಂಗಡಿ ಬಿಡುವ ತನಕ ಕೈಗೆ ಸಿಗದು, ಆದ್ದರಿಂದ ಸೇರಿಸಬೇಕಾಗಿಲ್ಲ ಎಂದು ಬೇರೆಯವರು ಹೇಳುತ್ತಾರೆ. ಸೇರಿಸಿದರೆ ಹನಫಿ ಲೆಕ್ಕ 3,500ರಿಂದ 7,250ಕ್ಕೆ ಏರುತ್ತದೆ. ಒಂದೇ ಅಂಗಡಿಗೆ ಮೂರು ಉತ್ತರ. ಅದಕ್ಕೇ ಪುಸ್ತಕ, ಆ್ಯಪ್ ನೋಡಿದವರೂ ಕೊನೆಗೆ ತಮ್ಮ ಮಸೀದಿಯ ಆಲಿಮರನ್ನು ಕೇಳುವುದು.

ಕೊಡುವ ಕೈಯೋ, ಪಡೆಯುವ ಕೈಯೋ

ಇದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಎಷ್ಟು ಇದ್ದರೆ ಝಕಾತ್ ಕಡ್ಡಾಯ? ಆ ಗಡಿಗೆ ನಿಸಾಬ್ ಎನ್ನುತ್ತಾರೆ. ಪ್ರವಾದಿಗಳ ಕಾಲದಲ್ಲಿ ಅದು 20 ದೀನಾರ್ ಬಂಗಾರ ಅಥವಾ 200 ದಿರ್‌ಹಮ್ ಬೆಳ್ಳಿ. ಆಗ ಎರಡರ ಬೆಲೆ ಹೆಚ್ಚು ಕಡಿಮೆ ಒಂದೇ. ಒಂದು ದೀನಾರಿಗೆ ಸುಮಾರು ಹತ್ತು ದಿರ್‌ಹಮ್. ಭಾರತದಲ್ಲಿ ಇದನ್ನು ಏಳೂವರೆ ತೊಲ ಬಂಗಾರ, ಅಂದರೆ 87.48 ಗ್ರಾಂ, ಅಥವಾ ಐವತ್ತೆರಡೂವರೆ ತೊಲ ಬೆಳ್ಳಿ, ಅಂದರೆ 612.36 ಗ್ರಾಂ ಎಂದು ಲೆಕ್ಕ ಹಾಕುತ್ತಾರೆ.

ಕಾಲ ಕಳೆದಂತೆ ಬೆಳ್ಳಿ ಹಿಂದೆ ಬಿತ್ತು, ಬಂಗಾರ ಮುಂದೆ ಓಡಿತು. ಲೆಕ್ಕದ ಸುಲಭಕ್ಕೆ ಬೆಳ್ಳಿ ಗ್ರಾಂಗೆ 100 ರೂಪಾಯಿ, ಬಂಗಾರ ಗ್ರಾಂಗೆ 9,000 ಎಂದುಕೊಂಡರೆ ಬೆಳ್ಳಿಯ ಗಡಿ 61,236 ರೂಪಾಯಿ, ಬಂಗಾರದ ಗಡಿ 7,87,320. ಹನ್ನೆರಡು ಪಟ್ಟಿಗಿಂತ ಹೆಚ್ಚು ಅಂತರ. ಲೆಕ್ಕ ಮಾಡುವವರು ಆ ದಿನದ ದರವನ್ನೇ ಹಿಡಿಯಬೇಕು.

ನಮ್ಮ ಟೈಲರಿನ ಉಳಿಕೆ 1,40,000. ಬೆಳ್ಳಿಯಿಂದ ಅಳೆದರೆ ಅವನು ಕೊಡುವವನು. ಬಂಗಾರದಿಂದ ಅಳೆದರೆ ಅವನ ಮೇಲೆ ಏನೂ ಇಲ್ಲ, ಮೇಲಾಗಿ ಹನಫಿ ನಿಯಮದಂತೆ ಅವನೇ ಝಕಾತ್ ಪಡೆಯಲು ಅರ್ಹನಾಗಬಹುದು. ಭಾರತದ ಹನಫಿ ಮುಫ್ತಿಗಳಲ್ಲಿ ಹೆಚ್ಚಿನವರು ಬೆಳ್ಳಿಯನ್ನೇ ಹಿಡಿಯುತ್ತಾರೆ. ಗಡಿ ಕೆಳಗಿದ್ದಷ್ಟೂ ಕೊಡುವವರು ಹೆಚ್ಚು, ಬಡವರಿಗೆ ಲಾಭ ಎಂಬುದು ಅವರ ವಾದ. ಬೆಳ್ಳಿ ಹಿಡಿದರೆ ಬಡ ಅಂಗಡಿಯವನ ಮೇಲೂ ಹೊರೆ ಬೀಳುತ್ತದೆ, ಬಂಗಾರವೇ ನ್ಯಾಯ ಎಂದು ಬೇರೆ ದೇಶಗಳ ಕೆಲವು ವಿದ್ವಾಂಸರು ಹೇಳುತ್ತಾರೆ. ಎರಡರಲ್ಲೂ ಕಾಳಜಿ ಬಡವನದ್ದೇ. ಬಡವನೆಂದರೆ ಯಾರು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಮುಳುಗಿದ ಹಣಕ್ಕೆ ಏನು?

2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕಂಪನಿ ಮುಚ್ಚಿತು. ಬಡ್ಡಿ ಇಲ್ಲದ ಹಲಾಲ್ ಲಾಭ ಎಂದು ನಂಬಿ ನಗರದ ಉದ್ದಗಲದಿಂದ, ಜಿಲ್ಲೆಗಳಿಂದಲೂ ಜನ ಅದರಲ್ಲಿ ಹಣ ಹಾಕಿದ್ದರು. ಹತ್ತಾರು ಸಾವಿರ ಮಂದಿ ದೂರು ಕೊಡಲು ಸಾಲು ನಿಂತರು. ಸಂಸ್ಥಾಪಕ ಮನ್ಸೂರ್ ಖಾನ್ ದೇಶ ಬಿಟ್ಟಿದ್ದು, ಜುಲೈನಲ್ಲಿ ದೆಹಲಿಗೆ ಬಂದಿಳಿದಾಗ ಬಂಧನವಾಗಿದ್ದು, ಪ್ರಕರಣ ಸಿಬಿಐಗೆ ಹೋಗಿದ್ದು ಎಲ್ಲವೂ ಸುದ್ದಿಯಾಯಿತು. ಹಣ ಹಾಕಿದವರ ಝಕಾತ್ ಲೆಕ್ಕ ಏನಾಗಬೇಕು ಎಂಬುದು ಸುದ್ದಿಯಾಗಲಿಲ್ಲ. ಕಾಗದದ ಮೇಲೆ ಲಕ್ಷಗಳಿವೆ, ಕೈಯಲ್ಲಿ ಕಾಸಿಲ್ಲ.

ಇದಕ್ಕೂ ಹಳೆಯ ಕತೆಯೊಂದು ಉತ್ತರ ಕೊಡುತ್ತದೆ. ಹಿಂದಿನ ಅಧಿಕಾರಿಗಳು ಜನರಿಂದ ಅನ್ಯಾಯವಾಗಿ ಕಿತ್ತುಕೊಂಡ ಹಣವನ್ನು ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ವಾಪಸ್ ಕೊಡಿಸಿದರು. ಕಳೆದ ಎಲ್ಲ ವರ್ಷಗಳ ಝಕಾತ್ ಹಿಡಿದುಕೊಳ್ಳಿ ಎಂದು ಮೊದಲು ಪತ್ರ ಬರೆದರು. ಅದರ ಬೆನ್ನಿಗೇ ಇನ್ನೊಂದು ಪತ್ರ ಕಳಿಸಿ, ಅದು ಮರಳುವ ಆಸೆಯೇ ಇಲ್ಲದಿದ್ದ ಹಣ, ಒಂದು ವರ್ಷದ್ದು ಮಾತ್ರ ಹಿಡಿಯಿರಿ ಎಂದರು. ಮಾಲಿಕಿ ಪಂಥ ಹಾಗೇ ನಡೆಯುತ್ತದೆ. ಹನಫಿಗಳು ಇಂಥ ಹಣವನ್ನು ಮಾಲ್-ಎ-ಝಿಮಾರ್ ಎನ್ನುತ್ತಾರೆ. ಕಳೆದ ವರ್ಷಗಳದ್ದು ಏನೂ ಕೊಡಬೇಕಾಗಿಲ್ಲ, ಕೈಗೆ ಬಂದ ಮೇಲಿನ ಲೆಕ್ಕ ಮಾತ್ರ. ಉದ್ರಿ ಪುಸ್ತಕದಲ್ಲಿ ಸತ್ತುಹೋದ ಬಾಕಿಗಳಿಗೂ ಇದೇ ಅಳತೆ.

ಕೊರೊನಾ ಕಾಲದ್ದು ಇನ್ನೊಂದು ರೀತಿ. 2020ರ ಮಾರ್ಚ್ 25ರಿಂದ ಲಾಕ್‌ಡೌನ್, ಏಪ್ರಿಲ್ ಕೊನೆಯಲ್ಲಿ ರಂಜಾನ್. ಹಬ್ಬಕ್ಕೆಂದು ತಂದ ಬಟ್ಟೆ ಗಂಟು ಬಿಚ್ಚದೆ ಉಳಿದರೆ ಲೆಕ್ಕ ಹೇಗೆ? ಮಾರಾಟವಾಗದಿದ್ದರೂ ಸರಕು ಸರಕೇ. ಆದರೆ ಕೊಂಡ ಬೆಲೆ ಹಿಡಿಯುವಂತಿಲ್ಲ, ಆ ದಿನ ಎಷ್ಟಕ್ಕೆ ಹೋಗುತ್ತದೋ ಅಷ್ಟೇ. ಬೆಲೆ ಬಿದ್ದರೆ ಝಕಾತೂ ಇಳಿಯುತ್ತದೆ.

ಯಾರಿಗೆ, ಹೇಗೆ

ಪಡೆಯುವವರು ಯಾರು ಎಂಬುದನ್ನು ಕುರ್‌ಆನಿನ ಒಂಬತ್ತನೇ ಅಧ್ಯಾಯ ಎಂಟು ವರ್ಗಗಳಾಗಿ ಹೇಳುತ್ತದೆ. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು, ದಾರಿಯಲ್ಲಿ ಸಿಕ್ಕಿಬಿದ್ದ ಪ್ರಯಾಣಿಕರು ಅದರಲ್ಲಿ ಸೇರಿದ್ದಾರೆ. ತಂದೆ ತಾಯಿಗೆ, ಮಕ್ಕಳಿಗೆ ಕೊಡುವ ಹಾಗಿಲ್ಲ. ಅವರನ್ನು ನೋಡಿಕೊಳ್ಳುವುದು ಹೇಗೂ ಕರ್ತವ್ಯ.

ಅಂಗಡಿಯವರು ಎಡವುವ ಜಾಗ ಒಂದಿದೆ. ಬಡ ಗಿರಾಕಿಯ 2,000 ರೂಪಾಯಿ ಉದ್ರಿ ಹೊಡೆದುಹಾಕಿ, ಅದೇ ನನ್ನ ಝಕಾತ್ ಎಂದುಕೊಳ್ಳುವುದು. ಹೆಚ್ಚಿನ ವಿದ್ವಾಂಸರು ಇದನ್ನು ಒಪ್ಪುವುದಿಲ್ಲ. ಝಕಾತ್ ಬಡವನ ಕೈಗೆ ಹೋಗಬೇಕು, ಅವನು ಅದರ ಒಡೆಯನಾಗಬೇಕು. ಹಣ ಕೈಗೆ ಕೊಟ್ಟ ಮೇಲೆ ಅವನಾಗಿಯೇ ಬಾಕಿ ತೀರಿಸಿದರೆ ಸರಿ. ಬಾರದ ಬಾಕಿಯನ್ನು ಪುಣ್ಯದ ಲೆಕ್ಕಕ್ಕೆ ಬರೆದುಕೊಳ್ಳುವ ದಾರಿಯನ್ನು ಈ ನಿಯಮ ಮುಚ್ಚುತ್ತದೆ.

ವರ್ಷದ ವಿಷಯವೂ ಇದೆ. ಝಕಾತಿನ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ. ಜಿಎಸ್‌ಟಿ, ಬ್ಯಾಂಕು ಎಂದು ಮಾರ್ಚ್ 31ಕ್ಕೆ ಪುಸ್ತಕ ಮುಗಿಸುವವರು ಹನ್ನೊಂದು ದಿನ ಹೆಚ್ಚು ತೆಗೆದುಕೊಂಡ ಹಾಗೆ. ಅಂಥವರು ಶೇಕಡಾ 2.5ರ ಬದಲು ಸುಮಾರು 2.577 ಹಿಡಿಯಬೇಕು ಎಂದು ಈ ಕಾಲದ ಲೆಕ್ಕಿಗರು ಹೇಳುತ್ತಾರೆ. ಜಿಎಸ್‌ಟಿ ಕಟ್ಟಿದೆ, ಇನ್ನೇನು ಬಾಕಿ ಎಂದರೂ ನಡೆಯದು. ಅದು ಸರ್ಕಾರದ ತೆರಿಗೆ, ಇದು ಬಡವನ ಪಾಲು.

ಪಾಕಿಸ್ತಾನದಲ್ಲಿ 1980ರ ಕಾನೂನಿನಂತೆ ಸರ್ಕಾರವೇ ಬ್ಯಾಂಕಿನ ಉಳಿತಾಯ ಖಾತೆಗಳಿಂದ ಝಕಾತ್ ಕಡಿದುಕೊಳ್ಳತೊಡಗಿತು. ಭಾರತದಲ್ಲಿ ಹಾಗಿಲ್ಲ. ಯಾವ ಅಧಿಕಾರಿಯೂ ತಿಲಕ್‌ನಗರದ ಟೈಲರಿನ ಬಾಗಿಲು ತಟ್ಟಿ ನಿನ್ನ ಥಾನುಗಳಿಗೆ ಬೆಲೆ ಕಟ್ಟು ಎನ್ನುವುದಿಲ್ಲ. ಹಿಮಾಸನನ್ನು ಕೇಳಲು ಉಮರ್ ಇದ್ದರು. ಇಲ್ಲಿ ವ್ಯಾಪಾರಿಯೂ ಅವನೇ, ಸುಂಕದವನೂ ಅವನೇ. ಕಡಿಮೆ ಬೆಲೆ ಕಟ್ಟಿದರೆ ಹಿಡಿಯುವವರಿಲ್ಲ. ನಷ್ಟ ಮಾತ್ರ ಓಣಿಯ ಆ ಕೊನೆಯಲ್ಲಿರುವ ವಿಧವೆಗೆ, ಆಸ್ಪತ್ರೆ ಬಿಲ್ಲಿನ ಸಾಲಗಾರನಿಗೆ.

ನಿಮ್ಮ ಊರಿನ ಅಂಗಡಿಗೂ ಈ ಲೆಕ್ಕ ಹೊಂದುತ್ತದೆ. ಒಂದು ಹಾಳೆ ಸಾಕು. ಎಡಗಡೆ ಮಾರುವ ಸರಕು, ಕೈಯಲ್ಲಿರುವ ಹಣ, ಬರುವ ಬಾಕಿ. ಬಲಗಡೆ ಕೊಡಬೇಕಾದ ಸಾಲ. ಯಂತ್ರ, ಕಪಾಟು, ಗಾಡಿ ಬರೆಯಬೇಡಿ. ಅಡ್ವಾನ್ಸ್ ಕೊಟ್ಟಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಬರೆದು ಆಲಿಮರನ್ನು ಕೇಳಿ. ಆ ದಿನದ ಬೆಳ್ಳಿಯ ದರ ಮೇಲೆ ಬರೆದುಕೊಳ್ಳಿ. ಉಳಿದದ್ದನ್ನು 40ರಿಂದ ಭಾಗಿಸಿ, ಹಾಳೆಯನ್ನು ಮುಂದಿನ ರಂಜಾನಿಗೆ ಎತ್ತಿಡಿ.